ಬೆಳ್ಳುಳ್ಳಿ ಎಣ್ಣೆಯೂ ನಮ್ಮ ಫ್ಯಾಮಿಲಿ ಗ್ರೂಪೂ

ನಮ್ಮ ಗ್ರೂಪಿನ ಹೆಸರು 'ಅಜ್ಜನ ಮನೆ'. 43 ಜನ ಇದ್ದೇವೆ. ಅಡ್ಮಿನ್ ನಾನು. ಅಡ್ಮಿನ್ ಅಂದರೆ ದೊಡ್ಡ ಹುದ್ದೆಯೇನಲ್ಲ. ಯಾರಾದರೂ ಸಿಟ್ಟು ಮಾಡಿಕೊಂಡು ಹೊರಗೆ ಹೋದರೆ ಫೋನ್ ಮಾಡಿ, ಸಮಾಧಾನ ಹೇಳಿ, ವಾಪಸ್ ಸೇರಿಸುವ ಕೆಲಸ. ಹುಬ್ಬಳ್ಳಿ ಮಾವನನ್ನು ಇಲ್ಲಿಯವರೆಗೆ ನಾಲ್ಕು ಸಲ ಸೇರಿಸಿದ್ದೇನೆ.

ಹೋದ ಭಾನುವಾರ ಬೆಳಿಗ್ಗೆ 7:10ಕ್ಕೆ ಹುಬ್ಬಳ್ಳಿ ಅತ್ತೆ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಜೋಡಿ ಬಾಣದ ಗುರುತು, ಅಂದರೆ ಊರೆಲ್ಲಾ ಸುತ್ತಿ ಬಂದದ್ದು. ಬೆಳ್ಳುಳ್ಳಿ ಜಜ್ಜಿ, ಎಳ್ಳೆಣ್ಣೆಯಲ್ಲಿ ಬಿಸಿ ಮಾಡಿ, ಮೂರು ದಿನ ಕಿವಿಗೆ ಬಿಟ್ಟರೆ 80 ವರ್ಷದವರಿಗೂ 97% ಕಿವಿ ಕೇಳಿಸುತ್ತದಂತೆ. ಕಿವಿಯೊಳಗೆ ಗುಂಯ್ ಅನ್ನುವ ಸದ್ದು ಒಂದೇ ರಾತ್ರಿಗೆ ಮಾಯವಂತೆ. ಕೊನೆಗೆ, 'ಡಾಕ್ಟರು ಇದನ್ನು ನಿಮಗೆ ಹೇಳುವುದಿಲ್ಲ'.

ಕೆಳಗೆ ಅತ್ತೆಯದೇ ಸಾಲು: "ಅಣ್ಣನಿಗೋಸ್ಕರ ಹಾಕಿದ್ದೇನೆ. ಅತ್ತಿಗೆ, ಇವತ್ತೇ ಮಾಡಿ ಬಿಡಿ." ಅದರ ಹಿಂದೆಯೇ ಒಂದೂವರೆ ನಿಮಿಷದ ವಾಯ್ಸ್ ಮೆಸೇಜು. ಅತ್ತೆ ಒಂದು ಸಾಲು ಟೈಪ್ ಮಾಡಿದರೆ ಸುಸ್ತಾಗುತ್ತಾರೆ, ಮಿಕ್ಕದ್ದೆಲ್ಲಾ ಬಾಯಲ್ಲೇ.

ಅಣ್ಣ ಅಂದರೆ ನಮ್ಮ ದಾವಣಗೆರೆ ದೊಡ್ಡಪ್ಪ. 76 ವರ್ಷ. ಕಾಟನ್ ಮಿಲ್ಲಿನಲ್ಲಿ ಮಗ್ಗಗಳ ನಡುವೆ 28 ವರ್ಷ ನಿಂತವರು. ಕಿವಿ ಮಂದ. ಒಂದು ಮದುವೆಯ ಪಂಕ್ತಿಯಲ್ಲಿ ಬಡಿಸುವ ಹುಡುಗ "ಸಾರು ಬೇಕಾ" ಅಂದದ್ದಕ್ಕೆ "ಕಾರು ಯಾಕಪ್ಪಾ, ಬಸ್ಸಿಗೇ ಹೋಗ್ತೀನಿ" ಅಂದುಬಿಟ್ಟರು. ಅಂದಿನಿಂದ ಯಾರ ಮನೆಯಲ್ಲಿ ಎಲೆ ಹಾಕಿದರೂ ಈ ಜೋಕು ಉಪ್ಪಿನಕಾಯಿಗಿಂತ ಮೊದಲು ಬೀಳುತ್ತದೆ.

7:14ಕ್ಕೆ ಶಿವಮೊಗ್ಗದ ಚಿಕ್ಕಪ್ಪ ಬಂದರು. ಪಿಯುಸಿಗೆ ಫಿಸಿಕ್ಸ್ ಹೇಳಿ ರಿಟೈರ್ ಆದವರು. ಯಾವ ಫಾರ್ವರ್ಡ್ ಬಂದರೂ ಅವರದು ಒಂದೇ ಪದ.

ಚಿಕ್ಕಪ್ಪ: ಮೂಲ?

ಹುಬ್ಬಳ್ಳಿ ಮಾವ: ಮೂಲವ್ಯಾಧಿಗೆ ಬೇರೆ ಮದ್ದಿದೆ. ಕಳಿಸಲಾ?

ಹನ್ನೊಂದು ಜನ ನಕ್ಕರು. ಚಿಕ್ಕಪ್ಪ ನಗಲಿಲ್ಲ.

ಚಿಕ್ಕಪ್ಪ: ಕಿವಿಗೆ ಬಿಟ್ಟ ಎಣ್ಣೆ ತಮಟೆಯ ತನಕ ಹೋಗಿ ನಿಲ್ಲುತ್ತದೆ. ಅದರಾಚೆ ದಾರಿಯಿಲ್ಲ. ಅಣ್ಣನ ತೊಂದರೆ ಇರುವುದು ಇನ್ನೂ ಒಳಗೆ. ಬಸವನ ಹುಳುವಿನ ಚಿಪ್ಪಿನ ಹಾಗೆ ಒಂದು ಸುರುಳಿ ಇದೆ, ಅದರಲ್ಲಿ ಸುಮಾರು 15,000 ಕೂದಲು ಕೋಶ. ವಯಸ್ಸಾಗುತ್ತಾ, ಜೋರು ಸದ್ದಿನಲ್ಲಿ ಕೆಲಸ ಮಾಡುತ್ತಾ ಅವು ಸಾಯುತ್ತವೆ. ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಹೋಗಿ ಇನ್ನೂ ಅನಾಹುತ. ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತದೆ. ಮತ್ತೆ ಈ 97 ಏನು? ಕಿವಿ ಅಳೆಯುವುದು ಡೆಸಿಬೆಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಅಲ್ಲ.

ಹುಬ್ಬಳ್ಳಿ ಮಾವ: ಎಸ್ಸೆಸ್ಸೆಲ್ಸಿಯಲ್ಲಿ ನಿನಗೆ ಎಷ್ಟು ಬಂದಿತ್ತು ಶ್ರೀಧರ?

ಅಷ್ಟು ಉದ್ದ ಬರೆದವರಿಗೆ ಸಿಕ್ಕಿದ ಉತ್ತರ ಅದು. ಚಿಕ್ಕಪ್ಪ ಮಾರ್ಕ್ಸ್ ಹೇಳಿದರು. ಅದಕ್ಕೆ ಅಪ್ಪ, ಗಣಿತದಲ್ಲಿ ನನಗೇ ಜಾಸ್ತಿ ಬಂದಿತ್ತು ಅಂತ ಎಂದೂ ಇಲ್ಲದ ಹಾಗೆ ಬಾಯಿಬಿಟ್ಟರು. ಬೆಳ್ಳುಳ್ಳಿ ಅಲ್ಲಿಗೇ ಅರ್ಧ ಮರೆತುಹೋಯಿತು.

ಅತ್ತೆ ಬಿಡಲಿಲ್ಲ. ಪಕ್ಕದ ಮನೆ ಅಜ್ಜಿಗೆ ಎಣ್ಣೆ ಬಿಟ್ಟ ಮಾರನೇ ದಿನವೇ ಕಿವಿ ಕೇಳಿಸಿತು, ನಾನೇ ಕಣ್ಣಾರೆ ಕಂಡೆ ಅಂದರು. ಗುಗ್ಗೆ ಗಟ್ಟಿಯಾಗಿ ಕೂತಿತ್ತೋ ಏನೋ, ಎಣ್ಣೆಗೆ ಮೆತ್ತಗಾಗಿ ಜಾರಿರುತ್ತದೆ ಅಂದರು ಚಿಕ್ಕಪ್ಪ. ಗುಗ್ಗೆ ಅಡ್ಡ ನಿಂತರೂ ಕಿವಿ ಮಂದವಾಗುತ್ತದೆ, ಗುಂಯ್ ಅನ್ನುತ್ತದೆ, ಅದನ್ನು ತೆಗೆಸಿದರೆ ಸರಿಹೋಗುತ್ತದೆ. ನನಗೆ ಅವರ ಮಾತು ಸರಿ ಅನ್ನಿಸಿತು. ಆದರೆ ಅತ್ತೆಗೆ ಕೇಳಿಸಿದ್ದು ಪಕ್ಕದ ಮನೆಯವರಿಗೆ ಕೊಳಕು ಅಂದ ಹಾಗೆ.

ಅಷ್ಟರಲ್ಲಿ ಮಾವ ನೀತಿಪಾಠಕ್ಕೆ ಕೂತರು. ಈಗಿನ ಹುಡುಗರು ಹಗಲೂ ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾರೆ. ನಾವು ಹಿರಿಯರ ಮಾತು ಕೇಳುತ್ತಿದ್ದೆವು, ಅದಕ್ಕೇ ಕಿವಿ ಚೆನ್ನಾಗಿತ್ತು. ಹಿರಿಯರ ಮಾತು ಕೇಳಿ ಮಿಲ್ಲಿಗೆ ಸೇರಿದವರೇ ದೊಡ್ಡಪ್ಪ ಅಂತ ಬರೆಯಲು ಹೋದೆ. ಅಡ್ಮಿನ್ ಅಲ್ವಾ, ಅಳಿಸಿದೆ.

ನಾನು ಅಳಿಸಿದರೇನು, ಮಿಲ್ಲಿನ ಮಾತನ್ನು ಮಂಜಣ್ಣ ತಾನೇ ತೆಗೆದ. ಅವನು ವಾರಕ್ಕೊಂದು ಸಲ ಗ್ರೂಪಿಗೆ ಬರುವುದು ಹಳೆಯದನ್ನು ನೆನೆಯುವುದಕ್ಕೇ.

ಮಂಜಣ್ಣ: ಬೆಳಿಗ್ಗೆ ಮಿಲ್ಲಿನ ಕೂಗು ಕೇಳಿಸಿದರೆ ಅಜ್ಜಿ ಒಲೆ ಹಚ್ಚುತ್ತಿದ್ದಳು. ಗಡಿಯಾರ ಎಲ್ಲಿತ್ತು ಆಗ? ದೊಡ್ಡಪ್ಪ ಸಂಜೆ ಬರುವಾಗ ತಲೆಗೂದಲ ಮೇಲೆಲ್ಲಾ ಅರಳೆ ಧೂಳು. ಪೇಪರ್ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ.

ಇನ್ನು ಕೇಳಬೇಕೇ. 31 ಮೆಸೇಜು ಮಂಡಕ್ಕಿಯ ಮೇಲೆ. ಒಗ್ಗರಣೆಯದೋ, ನರ್ಗಿಸೋ ಅಂತ ಎರಡು ಪಕ್ಷ. ಕಿವಿಯ ವಿಷಯ ತೆಗೆದ ಅತ್ತೆಯೇ ನರ್ಗಿಸ್ ಪಕ್ಷ ಸೇರಿದರು.

ಮಧ್ಯಾಹ್ನದ ಹೊತ್ತಿಗೆ ಡಲ್ಲಾಸ್‌ನಿಂದ ಸಹನಾ. ಅತ್ತೆಯ ಮಗಳು. ಅವಳದು ಬೇರೆ ಫಾರ್ವರ್ಡು: ಕಿವಿ ಕೇಳಿಸದಿದ್ದರೆ ಮರೆವಿನ ಕಾಯಿಲೆ ಗ್ಯಾರಂಟಿ. ಜೊತೆಗೆ, "ದಾವಣಗೆರೆ ಮಾವನಿಗೆ ನಾನು ಏರ್‌ಪಾಡ್ಸ್ ಪ್ರೊ ಇಯರ್‌ಫೋನ್ ಕಳಿಸುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನೇ ಹಿಯರಿಂಗ್ ಏಡ್ ಥರ ಬಳಸಲು ಒಪ್ಪಿದೆ."

ಚಿಕ್ಕಪ್ಪ: ಅದು ಸ್ವಲ್ಪ ಮಂದ, ಮಧ್ಯಮ ಮಂದ ಇರುವವರಿಗೆ. ಅಣ್ಣನದು ಅದನ್ನು ದಾಟಿದೆ. ಇನ್ನು ಮರೆವು, 'ಗ್ಯಾರಂಟಿ' ಅನ್ನುವ ಪದ ತೆಗಿ. ಮರೆವಿಗೆ ನಾವು ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿದೆ. ಅದರಲ್ಲಿ ಕಿವಿಯೂ ಒಂದು. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿ, 2023ರಲ್ಲಿ ಫಲಿತಾಂಶ ಹೇಳಿದರು. ಹಿಯರಿಂಗ್ ಏಡ್ ಕೊಟ್ಟವರಿಗೂ ಕೊಡದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಬುದ್ಧಿ ಮಂಕಾಗುವ ವೇಗ ಸುಮಾರು ಅರ್ಧಕ್ಕೆ ಇಳಿಯಿತು.

ನಾಲ್ಕು ಹೆಬ್ಬೆಟ್ಟು. ಒಬ್ಬರು ಕೈಮುಗಿದರು. ಓದಿದವರು ಯಾರೂ ಇಲ್ಲ ಅಂತ ಬೆಟ್ ಕಟ್ಟುತ್ತೇನೆ, ಯಾಕೆಂದರೆ ಮುಂದಿನ ಮೆಸೇಜೇ "ಹಾಗಾದರೆ ಎಣ್ಣೆ ಬಿಡಬಹುದಾ?"

ಆಗ ರವಿ ಅಣ್ಣನಿಗೆ ಸಿಟ್ಟು ಬಂತು. ದೊಡ್ಡಪ್ಪನ ಮಗ. "ಅಪ್ಪನಿಗೆ ಏನೂ ಮಾಡಿಸಿಲ್ಲ ಅಂದುಕೊಂಡಿದ್ದೀರಾ?" ಅಂತ ಒಂದು ಫೋಟೋ ಹಾಕಿದ. ಹೋದ ವರ್ಷ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದ. 1965ರಲ್ಲಿ ಶುರುವಾದದ್ದು, ಮೈಸೂರಿನವರಿಗೆ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಫೋಟೋದಲ್ಲಿದ್ದದ್ದು ಅಲ್ಲಿನ ಕಿವಿ ಪರೀಕ್ಷೆಯ ಗ್ರಾಫು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ಗ್ರಾಫಿನ ಎಡಗಡೆ, ದಪ್ಪ ಸದ್ದುಗಳ ಹತ್ತಿರ ಗೆರೆ ಪರವಾಗಿಲ್ಲ. ಬಲಕ್ಕೆ, ಕೀರಲು ಸದ್ದಿನ ಕಡೆ ಹೋದ ಹಾಗೆ ಗೆರೆ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಥರ ಇಳಿದುಬಿಟ್ಟಿದೆ. ಸ, ಶ, ತ, ಕ ಈ ಅಕ್ಷರಗಳ ಸದ್ದು ಇರುವುದೇ ಆ ಕಡೆ. ಸಾರು ಕಾರಾದದ್ದು ಹೀಗೆ. ಜೋಕು ಮಾಡುವ ಮೊದಲು ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ.

ಅತ್ತೆ: ಇದು ಯಾರ ಜಾತಕ?

ದೊಡ್ಡಪ್ಪನನ್ನು ಕೇಳದೆ ಅವರ ರಿಪೋರ್ಟು 43 ಜನರ ಮುಂದೆ ಹರಡಿದ್ದು ನನಗೆ ಸರಿ ಕಾಣಲಿಲ್ಲ. ಗ್ರೂಪಿನಲ್ಲಿ ಅವರೂ ಇದ್ದಾರೆ ಅನ್ನುವುದೇ ಎಲ್ಲರಿಗೂ ಮರೆತಿತ್ತು.

ಗ್ರಾಫ್ ನೋಡಿ ಮಾವನಿಗೆ 2013 ನೆನಪಾಯಿತು. ಸಹನಾಳ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ದೊಡ್ಡಪ್ಪ. ಮಾವ ಮೂರು ಸಲ ಕೂಗಿದರಂತೆ. ದೊಡ್ಡಪ್ಪ ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಚಿಕ್ಕಪ್ಪ ಓಡಿ ಹೋಗಿ ಹುಡುಗಿಯನ್ನು ಕರೆತಂದರು. ಅಂದಿನಿಂದ ಮಾವ, ದೊಡ್ಡಪ್ಪ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ.

ಹುಬ್ಬಳ್ಳಿ ಮಾವ: ನಮ್ಮ ಮನೆ ಕಾರ್ಯಕ್ಕೆ ಮಾತ್ರ ಕಿವಿ ಕೇಳಿಸಲ್ಲ ಇವರಿಗೆ.

ರವಿ ಅಣ್ಣ: ಆಗಲೇ ಕಿವಿ ಹೋಗಿತ್ತು ಮಾವ. ಪಕ್ಕದಲ್ಲೇ ವಾಲಗ ಬೇರೆ.

ಹುಬ್ಬಳ್ಳಿ ಮಾವ: ಕಿವಿ ಹೋಗಿತ್ತು, ಸರಿ. ಕಣ್ಣೂ ಹೋಗಿತ್ತಾ? ಕೈ ಬೀಸಿ ಕರೆದೆನಲ್ಲಾ.

ಸಹನಾ: ಅಪ್ಪ, ಅದು ನನ್ನ ಮದುವೆ. ನನಗೇ ಬೇಜಾರಿಲ್ಲ.

ಅತ್ತೆ: ಅದು ಬಿಡಿ. ಸಂಕ್ರಾಂತಿಗೆ ಅಣ್ಣನ ಮನೆಗೆ ಹೋದಾಗ ನಡುಮನೆಯಲ್ಲಿ ರಾತ್ರಿಯಿಡೀ ಫ್ಯಾನ್. ಬೇಡ ಅಂದರೂ ಆರಿಸಲಿಲ್ಲ. ನನಗೆ ಎಂಟು ದಿನ ನೆಗಡಿ.

ಹೀಗೆ ಸಂಜೆಯಾಯಿತು. ಮಾವ ಐದನೇ ಸಲ ಹೊರಗೆ ಹೋಗುತ್ತಾರೆ ಅಂತ ಕಾಯುತ್ತಿದ್ದೆ. ಹೋಗಲಿಲ್ಲ.

ರಾತ್ರಿ 11:20ಕ್ಕೆ ದೊಡ್ಡಪ್ಪ. ಮಿಲ್ಲಿನಲ್ಲಿ ಯೂನಿಯನ್ ಪತ್ರಗಳನ್ನು ಬರೆಯುತ್ತಿದ್ದವರು, ಒಂದು ಅಕ್ಷರ ತಪ್ಪಿಲ್ಲ. ಫೋನ್ ಮಾಡಿದರೆ "ಇರು, ದೊಡ್ಡಮ್ಮನಿಗೆ ಕೊಡ್ತೀನಿ" ಅನ್ನುವ ಮನುಷ್ಯ ಗ್ರೂಪಿನಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ.

"ಎಲ್ಲ ಓದಿದೆ. ಎಣ್ಣೆ ಬೇಡ. ಮಿಲ್ಲಿನಲ್ಲಿ ಇದ್ದಾಗ ಕಿವಿಗೆ ಅಲ್ಲೇ ಬಿದ್ದಿದ್ದ ಹತ್ತಿ ತುರುಕಿಕೊಳ್ಳುತ್ತಿದ್ದೆವು, ಅದರಿಂದ ಏನೂ ಉಪಯೋಗವಾಗಲಿಲ್ಲ. ಶ್ರೀಧರ, ನೀನು ಹೇಳಿದ್ದು ಸರಿ, ಸ್ವಲ್ಪ ಚಿಕ್ಕದಾಗಿ ಹೇಳು.

"ಗುಂಯ್ ಸದ್ದು ಹೇಗಿದೆ ಅಂದರೆ, ಹಳೇ ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ಬರುತ್ತಿತ್ತಲ್ಲ, ಹಾಗೆ. ಹಗಲು ಮರೆತಿರುತ್ತದೆ. ಮನೆ ನಿಶ್ಶಬ್ದವಾದ ಮೇಲೆ ಶುರು. ಮೈಸೂರಿನ ಆ ಗಾಜಿನ ಕೋಣೆಯಲ್ಲಿ ಸದ್ದು ಕೇಳಿಸಿದಾಗ ಬಟನ್ ಒತ್ತಿ ಅಂದರು. ಎಷ್ಟೋ ಸಲ ನನ್ನ ಕಿವಿಯ ಸದ್ದಿಗೇ ಒತ್ತಿದೆ. ಇದನ್ನು ನಿಲ್ಲಿಸುವ ಮಾತ್ರೆ ಇಲ್ಲ, ಬೇರೆ ಮೆಲ್ಲನೆಯ ಸದ್ದು ಜೊತೆಗಿರಲಿ, ಮನಸ್ಸು ಅದರ ಕಡೆ ಹೋಗುವುದು ಕಡಿಮೆಯಾಗುತ್ತದೆ ಅಂದರು. ಫ್ಯಾನ್ ಹಾಕುವುದು ಅದಕ್ಕೇ. ನಿಮ್ಮ ಅತ್ತಿಗೆ ಎರಡು ರಗ್ಗು ಹೊದ್ದುಕೊಳ್ಳುತ್ತಾಳೆ. ನಿನಗೂ ಒಂದು ಕೊಡಬೇಕಿತ್ತು, ಮರೆತೆ.

"ಮಷಿನ್ ಹಾಕಿಕೊಳ್ಳುತ್ತಿದ್ದೇನೆ. ಮೊದಲ ವಾರ ಸ್ಟೀಲ್ ತಟ್ಟೆ ಇಟ್ಟರೆ ಗುಂಡು ಹೊಡೆದ ಹಾಗೆ ಆಗುತ್ತಿತ್ತು. ಈಗ ಅಭ್ಯಾಸವಾಗಿದೆ. ಆದರೂ ಹತ್ತು ಜನ ಒಟ್ಟಿಗೆ ಮಾತಾಡಿದರೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಕೂಗಬೇಡಿ. ಎದುರು ಕೂತು, ಬೆಳಕಿನಲ್ಲಿ, ನಿಧಾನ ಹೇಳಿ. ಅಡುಗೆಮನೆಯಿಂದ ಮಾತಾಡಿಸಬೇಡಿ.

"ಭಾವ, ಅವತ್ತು ನೀವು ಕೈ ಬೀಸಿದ್ದು ಕಂಡಿತು. ಪಕ್ಕದವರನ್ನು ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಕೇಳಿಸಲಿಲ್ಲ ಅಂದರೆ ಕಿವುಡ ಅನ್ನುತ್ತೀರಿ, ಸುಮ್ಮನಿದ್ದರೆ ಸೊಕ್ಕು ಅನ್ನುತ್ತೀರಿ. ಸೊಕ್ಕು ಅನ್ನಿಸಿಕೊಂಡೆ. ಸಹನಾ, ನಿನ್ನ ಕೈ ಹಿಡಿದು ಕರೆದುಕೊಂಡು ಬರಬೇಕು ಅಂತ ಹೊಸ ಪಂಚೆ ತಂದಿದ್ದೆ.

"ಇನ್ನೊಂದು. ವಾಯ್ಸ್ ಮೆಸೇಜ್ ಕಳಿಸಬೇಡಿ. ಟೈಪ್ ಮಾಡಿ."

ನಾನು ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಅಲ್ಲಲ್ಲಿ ಪುಟ್ಟ ಕಿತ್ತಳೆ ಬಣ್ಣದ ಚುಕ್ಕೆಗಳು. ಏನೋ ವ್ರತ ಇರಬೇಕು ಅಂದುಕೊಂಡೆ. ಅದು ಹಿಯರಿಂಗ್ ಏಡ್ ಬ್ಯಾಟರಿಯ ಸ್ಟಿಕ್ಕರ್. ಕಿತ್ತರೆ ಗಾಳಿ ತಾಗಿ ಬ್ಯಾಟರಿ ಎಚ್ಚರವಾಗುತ್ತದೆ, ಒಂದು ನಿಮಿಷ ಬಿಟ್ಟು ಹಾಕಬೇಕು. ಕಿತ್ತದ್ದನ್ನು ದೊಡ್ಡಮ್ಮ ಆ ದಿನದ ಚೌಕದ ಮೇಲೆ ಅಂಟಿಸುತ್ತಾರೆ. ಮುಂದಿನದು ಯಾವಾಗ ಅಂತ ಲೆಕ್ಕ ಸಿಗುತ್ತದೆ. ಏಕಾದಶಿಯ ಮೇಲೂ ಒಂದು ಇತ್ತು.

ದೊಡ್ಡಪ್ಪನ ಮೆಸೇಜಿಗೆ ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ. ಆಮೇಲೆ ಅತ್ತೆ ಬಂದರು. ವಾಯ್ಸ್ ಮೆಸೇಜು, 2 ನಿಮಿಷ 14 ಸೆಕೆಂಡು.

ಬೈಯೋಣ ಅಂತ ನಾನು ಟೈಪ್ ಮಾಡುತ್ತಿದ್ದಾಗ ರವಿ ಅಣ್ಣನ ಫೋನಿನಿಂದ ಅವನ ಮಗಳು ಬಂದಳು. ಐದನೇ ಕ್ಲಾಸು, ಅಷ್ಟು ಹೊತ್ತಿಗೆ ಮಲಗಿರಬೇಕಿತ್ತು.

"ಅಜ್ಜ, ಹುಬ್ಬಳ್ಳಿ ಅಜ್ಜಿ ಹೇಳಿದ್ದು: ಆಯ್ತು ಅಣ್ಣ, ಇನ್ನು ಮೇಲೆ ಟೈಪ್ ಮಾಡ್ತೀನಿ."

ದೊಡ್ಡಪ್ಪ: ಎರಡು ನಿಮಿಷದಲ್ಲಿ ಇಷ್ಟೇನಾ ಹೇಳಿದ್ದು?

"ಉಳಿದದ್ದೆಲ್ಲಾ ಹುಬ್ಬಳ್ಳಿ ಅಜ್ಜನಿಗೆ ಬೈದದ್ದು. ಅದನ್ನು ಟೈಪ್ ಮಾಡಬೇಡ ಅಂದಳು ಅಮ್ಮ."