'ಮನೆ ಹಂಚಿಕೆ' ಎಂದರೆ ಏನು ಹಂಚಿದ ಹಾಗೆ? ಜೊತೆಗೆ ಅನುದಾನ, ಸಹಾಯಧನದ ಗೊಂದಲ

ಗ್ರಾಮಸಭೆಗೆ ಬರುವವರಿಗಾಗಿ ವಸತಿ ಯೋಜನೆಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ತಿದ್ದುತ್ತಿದ್ದೇನೆ. 'ಹಂಚಿಕೆ' ಎಂಬ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. 'ಪಂಚಾಯಿತಿಗೆ 40 ಮನೆ ಹಂಚಿಕೆ', 'ಅನುದಾನ ಹಂಚಿಕೆ', 'ಫಲಾನುಭವಿಗಳಿಗೆ ಮನೆ ಹಂಚಿಕೆ'. ಪತ್ರಿಕೆಗಳಲ್ಲಿ, ಸುತ್ತೋಲೆಗಳಲ್ಲಿ ಈ ಮೂರೂ ಸಿಗುತ್ತವೆ. ಪದ ಒಂದೇ, ಹಂಚಿದ್ದು ಮಾತ್ರ ಬೇರೆ ಬೇರೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪದದ ಚರ್ಚೆ ಗಾಳಿಯಲ್ಲಿ ತೇಲುತ್ತದೆ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ ಗ್ರಾಮೀಣ, ಇವೆಲ್ಲ ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುತ್ತವೆ. ಪಂಚಾಯಿತಿಗೆ ಇಂತಿಷ್ಟು ಮನೆ ಎಂದು ಗುರಿ ಬರುತ್ತದೆ. ಹೆಸರುಗಳು ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆಯಾಗಬೇಕು. ಆಮೇಲೆ ಮನೆ ಕಟ್ಟುವವರು ತಳಪಾಯ ಹಾಕಿಸುತ್ತಾರೆ, ಗೋಡೆ ಏಳಿಸುತ್ತಾರೆ, ಛಾವಣಿ ಹಾಕಿಸುತ್ತಾರೆ. ಒಂದೊಂದು ಹಂತದಲ್ಲೂ ಫೋಟೊ ತೆಗೆದು ಜಿಪಿಎಸ್ ಮಾಡಿದ (ಅಂದರೆ ಜಾಗದ ಗುರುತಿನ ಜೊತೆ ದಾಖಲಿಸಿದ) ಮೇಲೆ ಕಂತು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅಂದರೆ ಪಂಚಾಯಿತಿ ಈ ದುಡ್ಡನ್ನು ಕಣ್ಣಿಂದಲೂ ನೋಡುವುದಿಲ್ಲ. ಅದಕ್ಕೆ ಬರುವುದು ಬರೀ ಒಂದು ಸಂಖ್ಯೆ.

ಹಾಗಿರುವಾಗ '40 ಮನೆ ಹಂಚಿಕೆ' ಎಂದು ಓದಿದವರು ಏನು ತಿಳಿಯಬೇಕು? ಕಟ್ಟಿದ ಮನೆಗಳ ಬೀಗದ ಕೈ ಕೊಟ್ಟರು ಅಂತಲೇ ಅಲ್ವಾ? ನಿಜಕ್ಕೂ ಅಲ್ಲಿ ಮನೆಯೂ ಇಲ್ಲ, ದುಡ್ಡೂ ಇಲ್ಲ. ಇನ್ನೂ ಹೆಸರು ಕೂಡ ಇಲ್ಲ. ಅಧ್ಯಕ್ಷರ ಮನೆ ಮುಂದೆ ಜನ ಸಾಲು ನಿಲ್ಲುವುದಕ್ಕೆ ಈ ಒಂದು ಪದವೂ ಕಾರಣ ಎಂದು ನನ್ನ ಗುಮಾನಿ.

ಊರಿನವರ ಮಾತು ಇದಕ್ಕಿಂತ ಚೊಕ್ಕ. 'ನಮ್ ಪಂಚಾಯ್ತಿಗೆ ಮನೆ ಬಂದಿವೆಯಂತೆ' ಅಂದರೆ ಗುರಿ ಬಂದಿದೆ. 'ಹೆಸರು ಬಂದಿದೆ' ಅಂದರೆ ಪಟ್ಟಿಯಲ್ಲಿ ಸೇರಿದೆ. 'ಜಿಪಿಎಸ್ ಆಗಿದೆ, ಬಿಲ್ ಆಗಿಲ್ಲ' ಅಂದರೆ ಕಟ್ಟಿದ್ದು ದಾಖಲಾಗಿದೆ, ಕಂತು ಇನ್ನೂ ಬಿದ್ದಿಲ್ಲ. 'ಬ್ಲಾಕ್ ಆಗಿದೆ' ಅಂದರೆ ಹೇಳಿದ ಸಮಯದಲ್ಲಿ ಕೆಲಸ ಶುರುವಾಗದೆ ಮನೆ ಕಂಪ್ಯೂಟರಿನಲ್ಲೇ ತಡೆಬಿದ್ದಿದೆ. ಅರ್ಧ ಇಂಗ್ಲಿಷ್ ಇರಬಹುದು, ಆದರೆ ಯಾವ ಹಂತ ಅಂತ ಯಾರಿಗೂ ಗೊಂದಲವಿಲ್ಲ. ಕಚೇರಿ ಕನ್ನಡವೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದೆ.

ನಾನು ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಪಂಚಾಯಿತಿಗೆ ಬರುವುದಕ್ಕೆ 'ಗುರಿ', ಹೆಸರಿಗೆ 'ಮಂಜೂರು', ನಿಗಮದಿಂದ ದುಡ್ಡು ಹೊರಟರೆ 'ಬಿಡುಗಡೆ', ಖಾತೆಗೆ ಬಿದ್ದರೆ 'ಜಮಾ'. 'ಹಂಚಿಕೆ'ಯನ್ನು ನಿವೇಶನಕ್ಕೆ, ಕಟ್ಟಿ ಮುಗಿದ ಫ್ಲ್ಯಾಟಿಗೆ ಮಾತ್ರ ಉಳಿಸಿಕೊಳ್ಳುವುದು. ಅಲ್ಲಿ ನಿಜವಾಗಿ ಒಂದು ವಸ್ತು ಕೈ ಬದಲಾಗುತ್ತದೆ. 'ಗುರಿ' ನನಗೆ ಪೂರ್ತಿ ಹಿಡಿಸಿಲ್ಲ. ಪಂಚಾಯಿತಿಯೇ 40 ಮನೆ ಕಟ್ಟಿ ತೋರಿಸಬೇಕು ಎಂಬ ಧ್ವನಿ ಅದರಲ್ಲಿದೆ. 'ಪಾಲು' ಅನ್ನೋಣವೆಂದರೆ, 'ಮನೆ ಪಾಲು' ಎಂದ ತಕ್ಷಣ ಅಣ್ಣತಮ್ಮಂದಿರ ಜಗಳ ನೆನಪಾಗುತ್ತದೆ!

ಇದಕ್ಕಿಂತ ದೊಡ್ಡ ತೊಡಕು 'ಅನುದಾನ', 'ಸಹಾಯಧನ'ದ್ದು. ಎರಡನ್ನೂ ಒಂದರ ಬದಲು ಇನ್ನೊಂದು ಎಂಬಂತೆ ಬರೆಯುತ್ತಾರೆ. ನನ್ನ ಕಿವಿಗೆ ಅವು ಒಂದೇ ಅಲ್ಲ. ಅನುದಾನ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ, ಪಂಚಾಯಿತಿಗೆ, ಶಾಲೆಗೆ, ಸಂಸ್ಥೆಗೆ ಹೋಗುವುದು. ಸಹಾಯಧನ ಮನುಷ್ಯರ ಕೈಗೆ ಬರುವುದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ. ನಮ್ಮಲ್ಲಿ ಅದರ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ಕೇಂದ್ರ ರಾಜ್ಯಕ್ಕೆ ಕೊಟ್ಟಾಗ ಅದು ಅನುದಾನ. ಅದೇ ದುಡ್ಡು ಖಾತೆಗೆ ಬಂದಾಗ ಸಹಾಯಧನ. ಹೀಗೆ ಬಿಡಿಸಿ ಹೇಳಿದರೆ ಓದುವವರಿಗೆ ದುಡ್ಡು ಎಲ್ಲಿದೆ ಅಂತಾದರೂ ಗೊತ್ತಾಗುತ್ತದೆ. 'ಸಬ್ಸಿಡಿ' ಬೇಡ ಅಂತ ನನ್ನ ಅನಿಸಿಕೆ. ಸಬ್ಸಿಡಿ ಎಂದರೆ 'ಹಾಗಾದ್ರೆ ಉಳಿದದ್ದು ಸಾಲಾನಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳೆಯ ಆಶ್ರಯ ಯೋಜನೆಯ ಮನೆಗಳಲ್ಲಿ ಸಾಲದ ಭಾಗವೂ ಇತ್ತು, ಆ ನೆನಪು ಸುಮ್ನೆ ಹೋಗುವುದಿಲ್ಲ.

ನಮ್ಮ ಹಳೆಯ ಶಿಲಾಶಾಸನಗಳ ಕನ್ನಡದಲ್ಲಿ ಈ ವಿಷಯಕ್ಕೆ ಎಷ್ಟೊಂದು ಪದಗಳಿದ್ದವು ನೋಡಿ. ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿಸಿ ನೋಡಿಕೊಳ್ಳುವವರಿಗೆ ಕಟ್ಟುಗೊಡಗೆ. ಯಾರಿಗೆ, ಯಾತಕ್ಕೆ ಎನ್ನುವುದು ಪದದಲ್ಲೇ ಇತ್ತು. ನಮ್ಮ ಕಾಲದಲ್ಲಿ 15ನೇ ಹಣಕಾಸು ಆಯೋಗ 2021ರಿಂದ 2026ರ ವರೆಗಿನ ಪಂಚಾಯಿತಿಗಳ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ನಾವು ಅದಕ್ಕೆ 'ನಿರ್ಬಂಧಿತ ಅನುದಾನ' ಅನ್ನುತ್ತೇವೆ. ಯಾವುದಕ್ಕೆ ನಿರ್ಬಂಧ ಅಂತ ಪದ ಹೇಳುವುದಿಲ್ಲ. ಹಾಗಾಗಿಯೇ 'ಪಂಚಾಯ್ತಿಗೆ ಇಷ್ಟು ಲಕ್ಷ ಬಂದಿದೆಯಲ್ಲ, ಅದರಲ್ಲಿ ಮನೆ ಕೊಡಿ' ಎಂಬ ವಾದ ಹುಟ್ಟುವುದು. ನೆತ್ತರುಗೊಡಗೆಯ ಕಾಲಕ್ಕೆ ಹಿಂದಿರುಗೋಣ ಅಂತಲ್ಲ. 'ನೀರು, ನೈರ್ಮಲ್ಯಕ್ಕೆ ಮೀಸಲಾದ ಅನುದಾನ' ಎಂದರೆ ಸಾಕು.

'ಕೈಗೆಟುಕುವ ದರದ ಮನೆ' ಈಗಾಗಲೇ ನೆಲೆ ನಿಂತಿದೆ, ಅದನ್ನು ಕೆದಕುವುದಿಲ್ಲ. ಹಳ್ಳಿಯ ಯೋಜನೆಗಳಿಗೆ ಮಾತ್ರ ಅದು ಹೊಂದುವುದಿಲ್ಲ. ಅಲ್ಲಿ ಯಾರೂ ಮನೆ ಕೊಳ್ಳುತ್ತಿಲ್ಲ, ಕಟ್ಟಿಕೊಳ್ಳುತ್ತಿದ್ದಾರೆ.

ನಾನು ನಿಜವಾಗಿ ಸಿಕ್ಕಿಬಿದ್ದಿರುವುದು ನಗರದ ಯೋಜನೆಯಲ್ಲಿ. 2015ರ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಸಹಭಾಗಿತ್ವದ ವಸತಿ ಎಂಬ ಭಾಗವಿತ್ತು. ಕನಿಷ್ಠ 250 ಮನೆಗಳ ಬಡಾವಣೆ, ಅದರಲ್ಲಿ ನೂರಕ್ಕೆ 35 ಭಾಗವಾದರೂ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ. ಅಂಥ ಒಂದೊಂದು ಮನೆಗೆ ಕೇಂದ್ರದಿಂದ 1.5 ಲಕ್ಷ. ಲೆಕ್ಕ ಮನೆಗೊಂದರಂತೆ, ಹೆಸರೂ ಫಲಾನುಭವಿಯದೇ. ಆದರೆ ದುಡ್ಡು ಹೋಗುವುದು ಕಟ್ಟಿಸುವ ಸಂಸ್ಥೆಗೆ. ಮನೆಯ ಬೆಲೆ ಅಷ್ಟು ಕಡಿಮೆಯಾಯಿತು ಎಂಬುದಷ್ಟೇ ಕೊಳ್ಳುವವರಿಗೆ ಕಾಣುತ್ತದೆ. ನನ್ನ ಸೂತ್ರ ಇಲ್ಲಿ ಮುರಿದುಬೀಳುತ್ತದೆ. ಅನುದಾನ ಎಂದರೆ ಕೊಳ್ಳುವವರ ಹಕ್ಕು ಮರೆಯಾಗುತ್ತದೆ. ಸಹಾಯಧನ ಎಂದರೆ 'ನನ್ನ ಖಾತೆಗೆ ಯಾಕೆ ಬಂದಿಲ್ಲ?' ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೇ. ಸದ್ಯಕ್ಕೆ 'ಬೆಲೆಯಲ್ಲಿ ಕಳೆಯುವ ಸರ್ಕಾರದ ಪಾಲು' ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ನಮೂನೆಯ ಖಾನೆಯಲ್ಲಿ ಹಿಡಿಸುವುದಿಲ್ಲ.

ನಗರಸಭೆ, ಪುರಸಭೆಗಳಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ. ಅರ್ಜಿ ಹಿಡಿದು ಬಂದವರು ಆ 1.5 ಲಕ್ಷಕ್ಕೆ ಏನೆನ್ನುತ್ತಾರೆ? 'ಗುರಿ'ಗೆ ಬದಲಾಗಿ ನಿಮ್ಮ ಕಡೆ ಬೇರೆ ಮಾತು ಓಡಾಡುತ್ತಿದ್ದರೆ ಅದನ್ನೂ ತಿಳಿಸಿ.