ಬೋಟ್ ಕೊಂಡರೆ ವಾಕಿಟಾಕಿ ಫ್ರೀ

ನಮ್ಮ ದಾವಣಗೆರೆ ಮನೆ ಗ್ರೂಪಿನಲ್ಲಿ ಭಾನುವಾರ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂವುಗಳನ್ನೂ ಅತ್ತೆಯ ಪಡ್ಡಿನ ಫೋಟೋವನ್ನೂ ತೆಗೆದಿದ್ದೇನೆ, ಉಳಿದದ್ದು ಹಾಗೇ ಇದೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವಂತೆ.

ಚಿಕ್ಕಪ್ಪ: (ಫಾರ್ವರ್ಡ್) 18 ಅಡಿ ಫೈಬರ್ ಬೋಟ್, ಹೊನ್ನಾವರದಲ್ಲಿದೆ. ಇಂಜಿನ್ ಸಮೇತ ಎರಡೂವರೆ ಲಕ್ಷ. 50 ಕಿ.ಮೀ. ಕೇಳುವ ವಾಕಿಟಾಕಿ ಎರಡು ಫ್ರೀ!!

ಚಿಕ್ಕಪ್ಪ: ಮೂವರು ಸ್ನೇಹಿತರು ಸೇರಿ ತಗೊಳ್ಳೋಣ ಅಂತಿದ್ದೇವೆ. ರಜೆಯಲ್ಲಿ ಎಲ್ಲರೂ ಸಮುದ್ರಕ್ಕೆ ಹೋಗಬಹುದು. ಏನಂತೀರಿ?

ಚಿಕ್ಕಮ್ಮ: ಮನೆ ಮುಂದಿನ ಸ್ಕೂಟರಿಗೇ ಎರಡು ವರ್ಷದಿಂದ ಸರ್ವಿಸ್ ಇಲ್ಲ.

ಹಡಗು ಭಾವ: ಮಾವ, ಬೋಟಿನ ತಳದ ಫೋಟೋ ಇದೆಯಾ?

ಚಿಕ್ಕಪ್ಪ: ತಳ ನೋಡಿ ಏನು ಮಾಡೋದು ಅಳಿಯಂದ್ರೇ? ಕೂರೋದು ಮೇಲೆ ತಾನೇ.

ಹಡಗು ಭಾವ: ಎಲ್ಲ ಇರೋದೇ ತಳದಲ್ಲಿ. ಚಪ್ಪಟೆ ತಳ ಕೆರೆಯಲ್ಲಿ ಅಲ್ಲಾಡಲ್ಲ, ಆದರೆ ಸಮುದ್ರದ ಅಲೆಗೆ ದಬದಬ ಬಡಿಯುತ್ತೆ, ಸೊಂಟ ಹೋಗುತ್ತೆ. ವಿ ಆಕಾರದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತೆ, ನಿಂತಾಗ ಮಾತ್ರ ಓಲಾಡುತ್ತೆ. ಎರಡು ಉದ್ದನೆ ಡ್ರಮ್ ಮೇಲೆ ಹಲಗೆ ಹಾಸಿದಂತೆ ಇರುತ್ತಲ್ಲ, ಪಾಂಟೂನ್, ಅದು ಸಂಸಾರ ಸಮೇತ ಕೂತು ಮಂಡಕ್ಕಿ ತಿನ್ನೋಕೆ ಚೆನ್ನ. ಅದೂ ನಿಂತ ನೀರಿನಲ್ಲಿ.

ಹರಿಹರ ದೊಡ್ಡಪ್ಪ: ನಾವು ತುಂಗಭದ್ರೆಯನ್ನು ಹರಿಗೋಲಿನಲ್ಲೇ ದಾಟುತ್ತಿದ್ದೆವು. ದುಂಡನೆ ಬುಟ್ಟಿ. ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವವನ ಗಂಟಲೇ ವಾಕಿಟಾಕಿ.

ಪುಟ್ಟ: ಈಗ ಎಲ್ಲರ ಹತ್ತಿರ ಫೋನ್ ಇದೆ. ಕೋಸ್ಟ್ ಗಾರ್ಡ್ ನಂಬರ್ 1554. ವಾಕಿಟಾಕಿ ಸುಮ್ನೆ ಶೋಕಿ.

ನಾನು: ಶೋಕಿ ಅಲ್ಲ ಪುಟ್ಟ. ಹೋದ ವರ್ಷ ನಾವು ಹತ್ತಿದ್ದ ಟೂರಿಸ್ಟ್ ಬೋಟಿನ ಇಂಜಿನ್ ನಡುವೆ ನಿಂತಿತು. ಓಡಿಸುತ್ತಿದ್ದವನು ಸೀಟಿನ ಮೇಲೆ ನಿಂತು, ಕೈ ಎತ್ತಿ, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಹುಡುಕುತ್ತಿದ್ದ. ನಲವತ್ತು ನಿಮಿಷ. ಅರ್ಧ ಕಿ.ಮೀ. ದೂರದಲ್ಲಿ ಮೀನಿನ ಬೋಟ್ ಹೋಯಿತು, ಅವನ ನಂಬರ್ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಕೊನೆಗೆ ಕೆಂಪು ಟವೆಲ್ ಬೀಸಿದೆವು.

ಹಡಗು ಭಾವ: ವಿಷಯ ಅದೇ. 1554 ಒಳ್ಳೆಯದೇ, ಸಿಗ್ನಲ್ ಇದ್ದರೆ. ಆದರೆ ಫೋನ್ ಮಾಡಿದರೆ ಕೇಳೋದು ಒಬ್ಬನೇ. ಮೆರೈನ್ ರೇಡಿಯೋದಲ್ಲಿ ಚಾನೆಲ್ 16ಕ್ಕೆ ಕೂಗಿದರೆ ಸುತ್ತ ಸೆಟ್ ಆನ್ ಇಟ್ಟವರೆಲ್ಲ ಕೇಳುತ್ತಾರೆ. ಮೊದಲು ಬರೋದು ಹತ್ತಿರ ಇರುವವನು. ಒಳ್ಳೆ ಸೆಟ್ಟಿನಲ್ಲಿ ಮುಚ್ಚಳದ ಕೆಳಗೆ ಕೆಂಪು ಬಟನ್ ಇರುತ್ತೆ. ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಬೋಟಿನ ನಂಬರ್ ತಾನೇ ಹೋಗುತ್ತೆ, ಜಿಪಿಎಸ್ ಇದ್ದರೆ ಇರುವ ಜಾಗವೂ. ಆಮೇಲೆ ಬಾಯಲ್ಲಿ ಮೂರು ಸಲ ಮೇಡೇ, ಬೋಟಿನ ಹೆಸರು, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ.

ಹರಿಹರ ದೊಡ್ಡಪ್ಪ: ಮೇ ಡೇ ಕಾರ್ಮಿಕರ ದಿನ ಅಲ್ವಾ? ಕಾಟನ್ ಮಿಲ್ಲಿನಲ್ಲಿ ನಾವು ಬಾವುಟ ಹಾರಿಸುತ್ತಿದ್ದೆವು.

ಹಡಗು ಭಾವ: ಅದು ಬೇರೆ ದೊಡ್ಡ ಮಾವ. ಇದು ಫ್ರೆಂಚಿನಲ್ಲಿ ‘ನನಗೆ ಸಹಾಯ ಮಾಡಿ’ ಅನ್ನೋದರ ಉಚ್ಚಾರ.

ಚಿಕ್ಕಪ್ಪ: ಹಾಗಾದ್ರೆ ನನ್ನ ಪರ ಆಯ್ತಲ್ಲ! 50 ಕಿ.ಮೀ. ಕೇಳುವ ಸೆಟ್, ಅದೂ ಫ್ರೀ.

ಹಡಗು ಭಾವ: ಮಾವ, ಚಿತ್ರದುರ್ಗದ ಕೋಟೆ ಮೇಲೆ ನಿಂತರೆ ಎಷ್ಟು ದೂರ ಕಾಣುತ್ತೆ? ಕೆಳಗೆ ಪೇಟೆಯಲ್ಲಿ ನಿಂತರೆ? ಈ ರೇಡಿಯೋ ಅಲೆಯೂ ಹೆಚ್ಚುಕಡಿಮೆ ಕಣ್ಣಿನ ಹಾಗೆ, ಭೂಮಿಯ ಉಬ್ಬು ಅಡ್ಡ ಬರುತ್ತೆ. ಬೋಟಿನಲ್ಲಿ ಕೂತು ನೀರಿನಿಂದ ಒಂದು ಮೀಟರ್ ಎತ್ತರದಲ್ಲಿ ಸೆಟ್ ಹಿಡಿದರೆ, ಎದುರಿನವನೂ ಹಾಗೇ ಇದ್ದರೆ, ಎಂಟು ಕಿ.ಮೀ. ಬಂದರೆ ದೊಡ್ಡದು. 50 ಬರಬೇಕಾದರೆ ಆ ಕಡೆ ಗುಡ್ಡದ ಮೇಲೆ ಟವರ್ ಇರಬೇಕು.

ಪುಟ್ಟ: ಭಾವ, ಫೋಟೋ ದೊಡ್ಡದು ಮಾಡಿ ನೋಡಿದೆ. ಸೆಟ್ಟಿನ ಸ್ಕ್ರೀನ್ ಮೇಲೆ 446 ಅಂತಿದೆ.

ಹಡಗು ಭಾವ: ಮುಗೀತು. ಚಾನೆಲ್ 16 ಅಂದರೆ 156.8 ಮೆಗಾಹರ್ಟ್ಸ್. 446 ಅಂದರೆ ಲೈಸೆನ್ಸ್ ಬೇಡದ ಚಿಕ್ಕ ಸೆಟ್, ಮದುವೆ ಮಂಟಪದಲ್ಲಿ ಅಡುಗೆಯವರನ್ನು ಕರೆಯೋಕೆ ಸರಿ. ಸಮುದ್ರದಲ್ಲಿ ಅದನ್ನು ಕೇಳೋದು ನಿಮ್ಮದೇ ಬೋಟಿನಲ್ಲಿರುವ ಇನ್ನೊಂದು ಸೆಟ್ ಮಾತ್ರ. ನಿಜವಾದ ಮೆರೈನ್ ಸೆಟ್ಟಿಗೆ ಲೈಸೆನ್ಸ್ ಬೇಕು.

ಅಕ್ಕ: ಅದೆಲ್ಲ ಇರಲಿ. ಲೈಫ್ ಜಾಕೆಟ್ ಎಷ್ಟಿದೆ?

ಚಿಕ್ಕಪ್ಪ: ಸೀಟಿನ ಕೆಳಗೆ ಇದೆಯಂತೆ.

ಅಕ್ಕ: ಇದೆಯಂತೆ!

ಪುಟ್ಟ: ಚಿಕ್ಕಪ್ಪ, ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಮೀನಿನ ಬೋಟುಗಳೂ ಇಳಿಯಲ್ಲ. ಆಗ ಟವೆಲ್ ಬೀಸಿದರೂ ನೋಡೋರಿಲ್ಲ.

ಆಮೇಲೆ ಅರ್ಧ ಗಂಟೆ ಗ್ರೂಪಿನಲ್ಲಿ ಸದ್ದಿಲ್ಲ. ಚಿಕ್ಕಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಬರುತ್ತಿತ್ತು, ಹೋಗುತ್ತಿತ್ತು.

ಚಿಕ್ಕಪ್ಪ: (ಫೋಟೋ) ತಳದ್ದು ಕಳಿಸಿದ್ದಾನೆ. ನೋಡಿ ಅಳಿಯಂದ್ರೇ.

ಹಡಗು ಭಾವ: ರೊಟ್ಟಿ ಹೆಂಚಿನ ಹಾಗೆ ಚಪ್ಪಟೆ ಇದೆ ಮಾವ. ಸೂಳೆಕೆರೆಗೆ ಹೇಳಿ ಮಾಡಿಸಿದ್ದು. ಸಮುದ್ರಕ್ಕೆ ಬೇಡ. ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ?

ಚಿಕ್ಕಪ್ಪ: ಅಡ್ವಾನ್ಸ್ ಅಷ್ಟೇ.

ಚಿಕ್ಕಮ್ಮ: ಎಷ್ಟು?

ಚಿಕ್ಕಮ್ಮ: ರೀ. ಎಷ್ಟು ಅಂದೆ.

ಚಿಕ್ಕಮ್ಮನ ಫೋನಿನಲ್ಲಿ ಎರಡು ನೀಲಿ ಗೆರೆ ಬಂದು ಒಂದು ಗಂಟೆಯಾಯಿತು. ಚಿಕ್ಕಪ್ಪ ಹಾಲು ತರೋಕೆ ಹೋಗಿದ್ದಾರಂತೆ.