ಡಿ500 ಬಿಟ್ಟು ಮಿರರ್‌ಲೆಸ್‌ಗೆ ಹೋಗುದಾ? ಕಂಬಳಕ್ಕೂ ಕಾಡಿಗೂ ಒಂದೇ ಕ್ಯಾಮೆರಾ

ಪ್ರಶ್ನೆ (ಕಾರ್ಕಳದಿಂದ):
ಅಕ್ಕ ನಮಸ್ತೆ. ನಾನು ಮದುವೆ ಫೋಟೋಗ್ರಫಿ ಮಾಡುದು, ಆದ್ರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಂಬಳ ಎಲ್ಲಿ ಉಂಟೋ ಅಲ್ಲಿ ನಾನು. ವರ್ಷಕ್ಕೆ ಎರಡು ಸಲ ಕಬಿನಿ, ಒಂದು ಸಲ ಭದ್ರಾ. ಈಗ ಇರುದು ನಿಕಾನ್ ಡಿ500, 200-500 ಎಫ್ 5.6, ಮತ್ತೆ ಅಪ್ಪನ ಕಾಲದ 80-200 ಎಫ್ 2.8 ಡಿ ಲೆನ್ಸ್. ನಿಕಾನ್‌ನದ್ದೇ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಝಡ್8 ತಗೊಳ್ಳುವ ಅಂತ ದುಡ್ಡು ಒಟ್ಟು ಮಾಡಿದ್ದೇನೆ. ಒಬ್ಬರು ಸೆಕೆಂಡಿಗೆ 20 ಫ್ರೇಮ್ ಹೇಳ್ತಾರೆ, ಇನ್ನೊಬ್ಬರು 30, ಮತ್ತೊಬ್ಬರು 120, ಕೇಳಿ ಕೇಳಿ ತಲೆ ಕೆಟ್ಟಿದೆ. ಕನೆಹಲಗೆಯಲ್ಲಿ (ಕೋಣ ಎಳೆಯುವ ಹಲಗೆ ಮೇಲೆ ನಿಂತು ನೀರು ಚಿಮ್ಮಿಸುವ ವಿಭಾಗ) ಆರೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆ ಬಟ್ಟೆಗೆ ನೀರು ಹಾರುವ ಒಂದು ಕ್ಷಣ ಉಂಟಲ್ಲ, ನನಗೆ ಅದೇ ತಪ್ಪಿ ಹೋಗುದು. ಎಂತ ನೋಡಿ ತೀರ್ಮಾನ ಮಾಡುದು ಅಂತ ಸ್ವಲ್ಪ ಹೇಳ್ತೀರಾ?

ಉತ್ತರ:
ನಮಸ್ತೆ. ಫ್ರೇಮ್ ಲೆಕ್ಕ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಡಿ500 2016ರ ಕ್ಯಾಮೆರಾ, ಸೆಕೆಂಡಿಗೆ 10 ಫ್ರೇಮ್ ಹೊಡಿಯುತ್ತೆ, ಅದರ ಫೋಕಸ್ ಮೇಲೆ ನಂಗೆ ಇವತ್ತಿಗೂ ಗೌರವ ಇದೆ, ಆರು ವರ್ಷ ಅದ್ರಲ್ಲೇ ಕೆಲ್ಸ ಮಾಡಿದೀನಿ. ಫೋಕಸ್ ಕೂರ್ಲಿಲ್ಲ ಅಂದ್ರೆ 10 ಇದ್ದಿದ್ದು 20 ಆದ್ರೂ ಮನೇಲಿ ಕೂತು ಡಿಲೀಟ್ ಮಾಡೋದು ಡಬಲ್ ಆಗುತ್ತೆ, ಅಷ್ಟೆ. ಯಾವ ಕ್ಯಾಮೆರಾ ಕೈಗೆ ಬಂದ್ರೂ ನಾನು ಮೊದ್ಲು ನೋಡೋದು ಎರಡು ವಿಷಯ. ಬಟನ್ ಒತ್ತಿದ ಮೊದಲ ಅರ್ಧ ಸೆಕೆಂಡಲ್ಲೇ ಕಣ್ಣು ಶಾರ್ಪ್ ಬಂತಾ? ಹಿಡಿದಿದ್ದನ್ನ ಕಳ್ಕೊಂಡ್ರೆ ಎಷ್ಟು ಬೇಗ ಮತ್ತೆ ಹಿಡಿಯುತ್ತೆ? ಈ ಎರಡೂ ಯಾವ ಸ್ಪೆಕ್ ಶೀಟಲ್ಲೂ ಇರಲ್ಲ, ನೀವೇ ಹೊಡೆದು ನೋಡ್ಬೇಕು.

ಅದಕ್ಕೆ ಕಬಿನಿಗೆ ಹೋಗೋ ಅವಶ್ಯಕತೆ ಇಲ್ಲ. ನಿಮಗೆ ಮಲ್ಪೆ ಬಂದರು ಹತ್ರ ಇದೆಯಲ್ಲ, ಬೆಳಿಗ್ಗೆ ಬೋಟ್ ಬರೋ ಹೊತ್ತಿಗೆ ಗರುಡಗಳು ಮೀನಿಗೆ ಎರಗ್ತಾ ಇರ್ತವೆ, ಹಿಂದೆ ಬೋಟು, ಹಗ್ಗ, ಬಲೆ, ಬಾವುಟ ಎಲ್ಲಾ ಗಲಾಟೆ. ಬರೀ ನೀಲಿ ಆಕಾಶದ ಮುಂದೆ ಹಾರೋ ಹಕ್ಕಿನ ಯಾವ ಕ್ಯಾಮೆರಾ ಬೇಕಾದ್ರೂ ಹಿಡಿಯುತ್ತೆ, ಆ ಗಲಾಟೆ ಮುಂದೆ ಹಿಡಿಯುತ್ತಾ ಅನ್ನೋದೇ ಪರೀಕ್ಷೆ. ಕ್ಯಾಮೆರಾ ಒಂದು ದಿನ ಬಾಡಿಗೆಗೆ ತಗೊಂಡು ಅಲ್ಲಿ 20 ಸಲ ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ) ಹೊಡೀರಿ, ಮನೆಗೆ ಬಂದು ಪ್ರತಿ ಬರ್ಸ್ಟ್‌ನ ಮೊದಲ ಮೂರು ಫ್ರೇಮ್ ಮಾತ್ರ 100 ಪರ್ಸೆಂಟಿಗೆ ದೊಡ್ಡದು ಮಾಡಿ ಎಣಿಸಿ. ಅದೇ ಬೆಳಿಗ್ಗೆ ಡಿ500ಲ್ಲೂ ಹೊಡೀರಿ, ಎರಡಕ್ಕೂ ಅದೇ 200-500. ದುಡ್ಡಿಗೆ ತಕ್ಕ ವ್ಯತ್ಯಾಸ ಇದ್ಯಾ ಇಲ್ವಾ ಅಂತ ಆ ಲೆಕ್ಕನೇ ಹೇಳುತ್ತೆ.

ಇನ್ನು ಝಡ್8 ವಿಷ್ಯ. 2021ರ ಝಡ್9ರಲ್ಲಿದ್ದ ಅದೇ 45.7 ಮೆಗಾಪಿಕ್ಸೆಲ್ ಸೆನ್ಸರ್ ಇದಕ್ಕೆ 2023ರಲ್ಲಿ ಬಂತು. ಸ್ಟ್ಯಾಕ್ಡ್ ಸೆನ್ಸರ್, ಅಂದ್ರೆ ಚಿತ್ರನ ತುಂಬಾ ಬೇಗ ಓದೋ ತರದ್ದು, ಮೆಕ್ಯಾನಿಕಲ್ ಶಟರ್ರೇ ಇಲ್ಲ. ಸೆನ್ಸರ್ ಮೇಲಿಂದ ಕೆಳಗೆ ಪೂರ್ತಿ ಓದೋಕೆ ಸುಮಾರು 1/270 ಸೆಕೆಂಡ್ ತಗೊಳ್ಳುತ್ತೆ. ಸಾಮಾನ್ಯ ಸೆನ್ಸರ್‌ನಲ್ಲಿ, ಉದಾಹರಣೆಗೆ ಸೋನಿ ಎ7 4ರಲ್ಲಿ, ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಹಾಕಿದ್ರೆ ಇದೇ ಕೆಲ್ಸಕ್ಕೆ ಸುಮಾರು 1/15 ಸೆಕೆಂಡ್ ಬೇಕು. ಅಷ್ಟು ಹೊತ್ತಲ್ಲಿ ಕೋಣ ಮುಂದೆ ಹೋಗಿರುತ್ತೆ, ನೀವು ಪಕ್ಕದಿಂದ ಪ್ಯಾನ್ ಮಾಡಿದ್ರೆ ಹಿಂದಿನ ಲೈಟ್ ಕಂಬ ಎಲ್ಲಾ ವಾಲಿ ನಿಲ್ಲುತ್ತೆ, ಹಕ್ಕಿ ರೆಕ್ಕೆ ಬಾಗುತ್ತೆ, ಕ್ರಿಕೆಟ್ ಬ್ಯಾಟ್ ಬಾಳೆಹಣ್ಣಿನ ಹಾಗೆ ಸೊಟ್ಟ ಆಗುತ್ತೆ. ಆಟ, ಪ್ರಾಣಿ ಎರಡಕ್ಕೂ ಮಿರರ್‌ಲೆಸ್ ಅಂದ್ರೆ ಸ್ಟ್ಯಾಕ್ಡ್ ಸೆನ್ಸರ್ ಇರೋದನ್ನೇ ನೋಡಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ನಿಮ್ಮ ಡಿ500 ಡಿಎಕ್ಸ್, ಸೆನ್ಸರ್ ಚಿಕ್ಕದು, ಅಂದ್ರೆ 500 ಎಂಎಂ ಲೆನ್ಸಲ್ಲಿ 750ರಷ್ಟು ಹತ್ರ ಕಾಣುತ್ತೆ. ಫುಲ್ ಫ್ರೇಮಿಗೆ (ಝಡ್8 ತರದ ದೊಡ್ಡ ಸೆನ್ಸರಿಗೆ) ಹೋದ್ರೆ ಆ ರೀಚ್ ಹೋಯ್ತು ಅಂತ ಎಲ್ರೂ ಹೆದರ್ತಾರೆ. ಝಡ್8ನ ಡಿಎಕ್ಸ್ ಕ್ರಾಪ್‌ಗೆ ಹಾಕಿದ್ರೆ 19 ಮೆಗಾಪಿಕ್ಸೆಲ್ ಉಳಿಯುತ್ತೆ, ಡಿ500 ಇರೋದೇ 20.9. ಹಾಗಾಗಿ ಕಳ್ಕೊಳ್ಳೋದು ಹೆಚ್ಚೇನಿಲ್ಲ, ಆನೆ ಹತ್ರ ಬಂದಾಗ ಫುಲ್ ಫ್ರೇಮ್ ಹೆಚ್ಚುವರಿಯಾಗಿ ಸಿಗುತ್ತೆ. ಭಾರ ಕೂಡ ಡಿ500 860 ಗ್ರಾಂ, ಝಡ್8 910 ಗ್ರಾಂ. ಝಡ್9 1340 ಗ್ರಾಂ ಇದೆ, ಇಡೀ ರಾತ್ರಿ ಕಂಬಳದಲ್ಲಿ ನಿಂತು ಹೊಡಿಯೋರಿಗೆ ಆ 430 ಗ್ರಾಂ ಭುಜಕ್ಕೆ ಗೊತ್ತಾಗುತ್ತೆ. ಆದ್ರೆ ಝಡ್8 ಬ್ಯಾಟರಿ ಚಿಕ್ಕದು, ವ್ಯೂಫೈಂಡರ್ ಆನ್ ಇದ್ದಷ್ಟು ಹೊತ್ತೂ ಕುಡೀತಾ ಇರುತ್ತೆ, ಮೂರು ಬ್ಯಾಟರಿ ಇಲ್ದೆ ಸಫಾರಿಗೆ ಹೋಗ್ಬೇಡಿ.

ನಿಶಾನೆ ಕ್ಷಣದ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಪ್ರಿ-ರಿಲೀಸ್ ಕ್ಯಾಪ್ಚರ್ ಇದೆ. ಬಟನ್ ಅರ್ಧ ಒತ್ತಿ ಹಿಡ್ಕೊಂಡಿದ್ರೆ ಪೂರ್ತಿ ಒತ್ತೋಕ್ಕಿಂತ ಮುಂಚಿನ ಒಂದು ಸೆಕೆಂಡ್ ತನಕ ಅದು ನೆನಪಲ್ಲಿ ಇಟ್ಕೊಂಡಿರುತ್ತೆ. ನಾವು ನೋಡಿ ಬೆರಳು ಒತ್ತೋದ್ರೊಳಗೆ ಸುಮಾರು ಕಾಲು ಸೆಕೆಂಡ್ ಹೋಗಿಬಿಡುತ್ತೆ, ನೀರು ನಿಶಾನೆ ಮುಟ್ಟೋದು ಅಷ್ಟರೊಳಗೇ. ಝಡ್8ರಲ್ಲಿ ಇದು ಜೆಪೆಗ್ ಮಾತ್ರ ಕೊಡುತ್ತೆ, ರಾ (ಆಮೇಲೆ ಚೆನ್ನಾಗಿ ತಿದ್ದೋಕೆ ಆಗೋ ಫೈಲ್) ಸಿಗಲ್ಲ, ಅದಕ್ಕೆ ಎಕ್ಸ್‌ಪೋಶರ್ ಮೊದ್ಲೇ ಮ್ಯಾನುವಲ್‌ನಲ್ಲಿ ಸರಿ ಇಟ್ಕೊಳ್ಳಿ.

ಪ್ರಶ್ನೆ (ತುಮಕೂರಿನಿಂದ):
ಮೇಡಂ ನಂದು ಬಜೆಟ್ ಕಮ್ಮಿ, ಕ್ಯಾನನ್ ಆರ್7 ನೋಡ್ತಿದೀನಿ, ಅದೂ ಸೆಕೆಂಡಿಗೆ 30 ಫ್ರೇಮ್ ಅಂತಾರಲ್ಲ, ಝಡ್8ಗಿಂತ ಜಾಸ್ತಿನೇ ಆಯ್ತಲ್ವಾ?

ಉತ್ತರ:
30 ಬರುತ್ತೆ, ಆದ್ರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಸೆನ್ಸರ್ ಸ್ಟ್ಯಾಕ್ಡ್ ಅಲ್ಲ, ಮೇಲೆ ಹೇಳಿದ ಬಾಗೋ ತೊಂದ್ರೆ ಪೂರ್ತಿ ಇರುತ್ತೆ. ಮೆಕ್ಯಾನಿಕಲ್ ಶಟರ್‌ನಲ್ಲಿ 15 ಫ್ರೇಮ್ ಕೊಡುತ್ತೆ, ಅದನ್ನೇ ನಿಮ್ಮ ನಿಜವಾದ ಸ್ಪೀಡ್ ಅಂತ ಇಟ್ಕೊಂಡು ಲೆಕ್ಕ ಹಾಕಿ. ಕೂತಿರೋ ಚಿರತೆ, ನಿಧಾನಕ್ಕೆ ನಡೆಯೋ ಆನೆಗೆ ಸೈಲೆಂಟ್ ಹಾಕಿ, ಹಾರೋದು ಓಡೋದಕ್ಕೆ ಮೆಕ್ಯಾನಿಕಲ್. 32.5 ಮೆಗಾಪಿಕ್ಸೆಲ್ ಎಪಿಎಸ್‌ಸಿ (ಡಿಎಕ್ಸ್ ತರದ ಚಿಕ್ಕ ಸೆನ್ಸರ್), ರಂಗನತಿಟ್ಟಿನ ದೋಣಿ ಮೇಲಿಂದ ಹೊಡಿಯೋಕೆ ಒಳ್ಳೆ ರೀಚ್. ಕಮ್ಮಿ ಬಜೆಟ್‌ಗೆ ಬೇಡ ಅನ್ನಲ್ಲ ನಾನು, ಏನು ಸಿಗುತ್ತೆ ಅಂತ ಗೊತ್ತಿದ್ದು ತಗೊಳ್ಳಿ.

ಪ್ರಶ್ನೆ (ಬೆಂಗಳೂರಿನಿಂದ):
ನಾನು ನೈಟ್ ಮ್ಯಾಚ್ ಹೊಡೀತೀನಿ ಮೇಡಂ, ಎಲ್‌ಇಡಿ ಲೈಟ್ ಕೆಳಗೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬರುತ್ತೆ ಅಂತಾರೆ, ಹಂಗಾದ್ರೆ ಸೋನಿ ಎ9 3 ಒಂದೇ ದಾರಿನಾ?

ಉತ್ತರ:
ಒಂದೇ ದಾರಿ ಅಲ್ಲ, ಆದ್ರೆ ಅದಕ್ಕೆ ಅಂತ ಇರೋ ಕ್ಯಾಮೆರಾ ಅದು. 2023ರ ನವೆಂಬರ್‌ನಲ್ಲಿ ಘೋಷಣೆ ಆಯ್ತು, ಫುಲ್ ಫ್ರೇಮಲ್ಲಿ ಮೊದಲ ಗ್ಲೋಬಲ್ ಶಟರ್, ಇಡೀ ಸೆನ್ಸರ್ ಒಂದೇ ಸಲಕ್ಕೆ ಓದುತ್ತೆ, ಪಟ್ಟೆಗೆ ಅವಕಾಶನೇ ಇಲ್ಲ. ಅದರ ಬದಲಿಗೆ ನೀವು ಕೊಡೋದು ಏನಂದ್ರೆ 24.6 ಮೆಗಾಪಿಕ್ಸೆಲ್ ಮಾತ್ರ, ಬೇಸ್ ಐಎಸ್‌ಒ 250ರಿಂದ ಶುರು. ಬೌಂಡರಿ ಲೈನಿಂದ ಹೊಡೆದು ಪೂರಾ ಕ್ರಾಪ್ ಮಾಡೋ ಅಭ್ಯಾಸ ಇದ್ರೆ ಕಷ್ಟ ಆಗುತ್ತೆ. ಝಡ್8, ಸೋನಿ ಎ1 ತರದ ಸ್ಟ್ಯಾಕ್ಡ್ ಕ್ಯಾಮೆರಾಗಳಲ್ಲಿ ಶಟರ್ ಸ್ಪೀಡನ್ನ ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿ ಇಳಿಸೋ ಆಪ್ಷನ್ ಇದೆ, ಮ್ಯಾಚ್ ಶುರು ಆಗೋ ಮುಂಚೆ ಬಿಳಿ ಸೈಟ್‌ಸ್ಕ್ರೀನ್ ಕಡೆ ತಿರುಗಿಸಿ ಪಟ್ಟೆ ಮಾಯ ಆಗೋ ತನಕ ತಿರುಗಿಸ್ತಾ ಹೋಗಿ, ಸಿಕ್ಕ ನಂಬರ್ ಬರ್ಕೊಳ್ಳಿ. ಬೌಂಡರಿಯ ಜಾಹೀರಾತು ಸ್ಕ್ರೀನ್‌ಗೂ ಫ್ಲಡ್‌ಲೈಟಿಗೂ ಒಂದೇ ನಂಬರ್ ಕೆಲ್ಸ ಮಾಡಲ್ಲ, ಆಗ ಆಟಗಾರರ ಮುಖದ ಮೇಲೆ ಬೀಳೋ ಬೆಳಕಿಗೆ ಸೆಟ್ ಮಾಡಿ, ಬೋರ್ಡ್ ಬಿಟ್ಬಿಡಿ.

ಪ್ರಶ್ನೆ (ಕಾರ್ಕಳದಿಂದ, ಪುನಃ):
ತುಂಬಾ ಥ್ಯಾಂಕ್ಸ್ ಅಕ್ಕ. ಎರಡು ಡೌಟ್ ಉಂಟು. ಅಪ್ಪನ 80-200 ಡಿ ಇದಕ್ಕೆ ಆಗ್ತದಾ? ಮತ್ತೆ ನನ್ನ ಹತ್ರ ಎಸ್‌ಡಿ ಕಾರ್ಡ್ ಬೇಕಾದಷ್ಟು ಇವೆ, ಅದೇ ಸಾಕಲ್ಲ?

ಉತ್ತರ:
200-500ಗೆ ಎಫ್‌ಟಿಝಡ್ 2 ಅಡಾಪ್ಟರ್ (ಹಳೇ ನಿಕಾನ್ ಲೆನ್ಸನ್ನ ಝಡ್8ಗೆ ಕೂರಿಸೋದು) ಹಾಕಿ, ಲೆನ್ಸ್ ಒಳಗೇ ಮೋಟರ್ ಇರೋದ್ರಿಂದ ಆಟೋಫೋಕಸ್ ಚೆನ್ನಾಗಿ ಕೆಲ್ಸ ಮಾಡುತ್ತೆ. 80-200 ಡಿಗೆ ಫೋಕಸ್ ತಿರುಗಿಸ್ತಿದ್ದಿದ್ದು ಡಿ500 ಬಾಡಿಯೊಳಗಿನ ಮೋಟರು, ಅದು ಅಡಾಪ್ಟರ್‌ನಲ್ಲಿ ಇಲ್ಲ, ಮ್ಯಾನುವಲ್ ಫೋಕಸ್ ಆಗಿಬಿಡುತ್ತೆ. ಅಪ್ಪನ ಲೆನ್ಸ್ ಅಂದ್ರಿ, ಮಾರ್ಬೇಡಿ, ಡಿ500 ಜೊತೆಗೇ ಇಟ್ಕೊಳ್ಳಿ. ಆದ್ರೆ ರಾತ್ರಿ ಕಂಬಳಕ್ಕೆ ಎಫ್ 2.8 ಬೇಕೇ ಬೇಕು, 200-500ರ ಎಫ್ 5.6ರಲ್ಲಿ ಐಎಸ್‌ಒ 12800 ಕೇಳೋ ಬೆಳಕಲ್ಲಿ ಎಫ್ 2.8ಗೆ 3200 ಸಾಕು. ಅದಕ್ಕೆ ಕ್ಯಾಮೆರಾಗೆ ಅಂತ ಇಟ್ಟ ದುಡ್ಡಲ್ಲಿ ಸ್ವಲ್ಪ ಉಳಿಸಿ ಸೆಕೆಂಡ್ ಹ್ಯಾಂಡ್ ಎಎಫ್-ಎಸ್ 70-200 ಎಫ್ 2.8 ಹುಡುಕಿ.

ಕಾರ್ಡ್ ವಿಷ್ಯದಲ್ಲಿ ದಯವಿಟ್ಟು ಉಳಿತಾಯ ಮಾಡ್ಬೇಡಿ. ಝಡ್8ರಲ್ಲಿ ಒಂದು ಸಿಎಫ್ ಎಕ್ಸ್‌ಪ್ರೆಸ್ ಟೈಪ್ ಬಿ ಸ್ಲಾಟು, ಒಂದು ಎಸ್‌ಡಿ. ಹೈ ಎಫಿಶಿಯನ್ಸಿ ಸ್ಟಾರ್ ರಾ ಒಂದೊಂದು 30 ಎಂಬಿ ಮೇಲೆ, 20 ಫ್ರೇಮಿಗೆ ಸೆಕೆಂಡಿಗೆ 600 ಎಂಬಿ ದಾಟುತ್ತೆ, ಯುಎಚ್‌ಎಸ್ 2 ಎಸ್‌ಡಿ ಕಾರ್ಡ್‌ನ ಮಿತಿನೇ 312. ಎರಡೂ ಸ್ಲಾಟಿಗೆ ಬ್ಯಾಕಪ್ ಹಾಕಿದ್ರೆ ನಿಧಾನದ ಕಾರ್ಡ್ ವೇಗಕ್ಕೇ ಎಲ್ಲಾ ನಿಲ್ಲುತ್ತೆ. ಭದ್ರಾದಲ್ಲಿ ರಿವರ್ ಟರ್ನ್, ನಮ್ಮ ನದಿ ರೀವ, ಮೀನು ತಂದು ಮರಿ ಬಾಯಿಗೆ ಇಡೋ ಹೊತ್ತಿಗೆ ಸರಿಯಾಗಿ ನನ್ನ ಬಫರ್ (ಕಾರ್ಡಿಗೆ ಬರೆಯೋ ತನಕ ಫೋಟೋ ಇಟ್ಕೊಳ್ಳೋ ಕ್ಯಾಮೆರಾದ ಮೆಮೊರಿ) ತುಂಬಿ ನಿಂತಿತ್ತು, ಆ ಸೀಸನ್‌ನಲ್ಲಿ ಮತ್ತೆ ಅಂಥಾ ಬೆಳಕು ಸಿಗಲೇ ಇಲ್ಲ. ಕಾರ್ಡ್ ತಗೊಳ್ಳುವಾಗ ಮೇಲೆ ದೊಡ್ಡದಾಗಿ ಬರೆದಿರೋ ಸ್ಪೀಡ್ ನೋಡ್ಬೇಡಿ, ಕೊನೇ ತನಕ ಬರೆಯೋ ಕನಿಷ್ಠ ಸ್ಪೀಡ್ ಎಷ್ಟು ಅಂತ ಕೇಳಿ.

ಪ್ರಶ್ನೆ (ಕಾರ್ಕಳದಿಂದ, ಎರಡು ವಾರದ ನಂತರ):
ಅಕ್ಕ, ಬಾಡಿಗೆಗೆ ತಂದು ಮಲ್ಪೆಯಲ್ಲಿ ಹೊಡೆದೆ. 60 ಫ್ರೇಮಲ್ಲಿ ಡಿ500ರಲ್ಲಿ ಶಾರ್ಪ್ 31, ಝಡ್8ರಲ್ಲಿ 49. ಆದ್ರೆ ಮಿಯಾರಿನ ಕಂಬಳದ ಕರೆಯಲ್ಲಿ (ಕೋಣ ಓಡುವ ಗದ್ದೆ) ಮಂಜೊಟ್ಟಿ, ಅಂದ್ರೆ ಓಟ ಮುಗಿಯುವ ಕಡೆ, ಹತ್ರ ನಿಂತು ಹೊಡೆದದ್ದರಲ್ಲಿ ಫೋಕಸ್ ಎಲ್ಲ ಮುಂದಿನ ಕೆಸರು ನೀರಿಗೆ ಹೋಗಿ ಕೂತಿದೆ.

ಉತ್ತರ:
49 ಅಂದ್ರೆ ತುಂಬಾ ಚೆನ್ನಾಗಿದೆ, ಖುಷಿ ಆಯ್ತು. ನೀರಿಗೆ ಹೋಗಿದ್ದು ಕ್ಯಾಮೆರಾ ತಪ್ಪಲ್ಲ, ಸೆಟ್ಟಿಂಗ್. ಪ್ರಾಣಿ ಡಿಟೆಕ್ಷನ್ ಕೋಣನ ನಂಬೋ ಹಾಗೆ ಗುರುತಿಸಲ್ಲ, ಅದನ್ನ ಜನ ಅಂತ ಬದಲಾಯಿಸಿ, ಆಗ ಹಿಂದೆ ಓಡ್ತಿರೋರ ಮುಖ ಹಿಡಿಯುತ್ತೆ. ಏರಿಯಾ ಪೂರ್ತಿ ಫ್ರೇಮ್ ಬೇಡ, ವೈಡ್ ಸ್ಮಾಲ್ ಇಡಿ. ಮೆನುವಿನಲ್ಲಿ ಎ3, ಲಾಕ್-ಆನ್, ಅದು 3ರಲ್ಲಿ ಇರುತ್ತೆ, 5ಕ್ಕೆ ಹಾಕಿ, ಆಗ ನಡುವೆ ನೀರು ಹಾರಿದ್ರೂ ಹಿಡಿದಿದ್ದನ್ನ ಬೇಗ ಬಿಡಲ್ಲ. ಗಂತಿನಿಂದ (ಓಟ ಶುರು ಆಗೋ ಜಾಗ) ಕೋಣ ಬಿಟ್ಟ ಕೂಡ್ಲೇ, ನೀರು ಏಳೋ ಮುಂಚೆನೇ ಫೋಕಸ್ ಹಿಡ್ಕೊಂಡು ಬನ್ನಿ, ಹತ್ರ ಬಂದ ಮೇಲೆ ಹಿಡಿಯೋಕೆ ಹೋಗ್ಬೇಡಿ. ಕ್ಯಾಮೆರಾ ವಾಪಸ್ ಕೊಡೋಕೆ ಇನ್ನೂ ದಿನ ಇದ್ರೆ ಇನ್ನೊಂದು ಕಂಬಳದಲ್ಲಿ ಹೀಗೆ ಹೊಡೆದು ಎರಡು ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.